ಸಾಹೇಬರು ಹೊರಗೆ ಹೋದಾಗ

ನೋವುಮಾಪಕದ ಮುಂದೆ ನರಳಾಟ ನಡೆಯುವುದಿಲ್ಲ ಎಂಬ ಮಾತು ಬೆಳಗಾವಿ ಸೀಮೆಯ ಮಾಜಿ ಸೈನಿಕರಲ್ಲಿ ಆಗಲೇ ಹಬ್ಬಿಬಿಟ್ಟಿತ್ತು. ಅಂದು ಬೆಳಿಗ್ಗೆ ಇಬ್ಬರ ಹೆಗಲ ಮೇಲೆ ಕೈ ಹಾಕಿ, 'ಯಪ್ಪಾ, ಯವ್ವಾ' ಎನ್ನುತ್ತ ಪರೀಕ್ಷೆಯ ಕೋಣೆಗೆ ಹೋದ ಒಬ್ಬ ಗಿರಿಜಾ ಮೀಸೆಯ ನಾಯಕ್, ಸ್ವಲ್ಪ ಹೊತ್ತಿನಲ್ಲೇ ಯಾರ ಹೆಗಲ ಹಂಗೂ ಇಲ್ಲದೆ ನೆಟ್ಟಗೆ ನಡೆದು ಹೊರಗೆ ಬಂದ. ನೂರಕ್ಕೆ ಆರು ಬಂದಿತ್ತು. ಬೆಂಚಿನ ಮೇಲೆ ಸರದಿ ಕಾಯುತ್ತ ಕೂತವರೆಲ್ಲ ಮುಸಿಮುಸಿ ನಕ್ಕರು. ನಕ್ಕವರಲ್ಲೇ ಒಂದಿಬ್ಬರು ಸದ್ದಿಲ್ಲದೆ ತಮ್ಮ ಸೊಂಟದ ಮೇಲಿನ ಕೈ ತೆಗೆದರು.

ಇಪ್ಪತ್ತೊಂದನೆಯ ಶತಮಾನ ಅರ್ಧ ದಾಟಿದ್ದ ಕಾಲ ಅದು. ಯಂತ್ರ ನೋಡುವುದಕ್ಕೆ ಅಂಥ ಘನವಾದದ್ದೇನಲ್ಲ. ತಲೆಗೆ ಸುತ್ತುವ ಒಂದು ಪಟ್ಟಿ, ಬೆನ್ನುಹುರಿಯ ಮೇಲೆ ಅಂಟಿಸುವ ಒಂದು ಪಟ್ಟಿ, ನೋಯುವ ಜಾಗಕ್ಕೆ ಇನ್ನೊಂದು. ನೋವೆಂದರೆ ನರಗಳಲ್ಲಿ ಓಡುವ ಸಣ್ಣ ವಿದ್ಯುತ್ ಸಂದೇಶ. ವಿದ್ಯುತ್ ಓಡಿದಲ್ಲೆಲ್ಲ ಅದರ ಸುತ್ತ ಕಣ್ಣಿಗೆ ಕಾಣದ ಕಾಂತಕ್ಷೇತ್ರ ಹುಟ್ಟುತ್ತದೆ. ಆ ಪಟ್ಟಿಗಳು ಚರ್ಮದ ಹೊರಗಿನಿಂದಲೇ ಅದನ್ನು ಹಿಡಿಯುತ್ತಿದ್ದವು. ಮಿದುಳು ಎಷ್ಟು ನೋವು ಉಣ್ಣುತ್ತಿದೆ ಎಂಬುದು ಸೊನ್ನೆಯಿಂದ ನೂರರೊಳಗಿನ ಒಂದು ಅಂಕಿಯಾಗಿ ಪರದೆಯ ಮೇಲೆ ಮೂಡುತ್ತಿತ್ತು. ಇದನ್ನು ಕಟ್ಟಿದವಳು ಮಲ್ಪೆ ಕಡೆಯ ಡಾಕ್ಟರ್ ಸ್ತುತಿ ಕಾಂಚನ್. ಮನುಷ್ಯ ಸುಳ್ಳು ಹೇಳಬಹುದು, ನರ ಹೇಳುವುದಿಲ್ಲ ಎಂಬುದು ಅವಳ ಗಟ್ಟಿ ನಂಬಿಕೆ. ಸೈನಿಕರ ಅಂಗವೈಕಲ್ಯವನ್ನು ನಿರ್ಧರಿಸುವ ಮಂಡಳಿಯೂ ಅದನ್ನೇ ನಂಬಿ, ಅಂಕಿ ಐವತ್ತು ದಾಟಿದವರಿಗಷ್ಟೇ ಸೌಲಭ್ಯ ಎಂದು ನಿಯಮ ಮಾಡಿಕೊಂಡಿತ್ತು.

ಮುಂದಿನ ಸರದಿ ಹವಾಲ್ದಾರ್ ಅಡಿವೆಪ್ಪ ಕಂಬಿಯದು. ಪಕ್ಕದಲ್ಲಿ ಕೂತಿದ್ದ ಹೆಂಡತಿ ಮಹಾದೇವಿ ಅವನ ಅಂಗಿಯ ಕಾಲರ್ ಸರಿಮಾಡಿ ಕೊನೆಯ ಸಲ ಎಚ್ಚರಿಸಿದಳು.

"ಏನ್ರಿ, ಈ ಸಲನೂ 'ಫಿಟ್ ಸರ್' ಅಂದ್ರ ನೋಡ್ರಿ. ನಾ ನಿಮ್ಮನ್ನ ಇಲ್ಲೇ ಬಿಟ್ಟು ಬಸ್ ಹತ್ತತೇನಿ."

"ಇಲ್ಲಬಿಡು. ನಾ ಏನ್ ಸಣ್ಣ ಕೂಸೇನು?"

ಆದರೆ ಅವಳ ಭಯಕ್ಕೆ ಕಾರಣವಿತ್ತು. ಹಿಮದ ನೆತ್ತಿಯ ಮೇಲಿನ ಒಂದು ಠಾಣೆಯಲ್ಲಿ ಗಾಡಿ ಮಗುಚಿ ಬಿದ್ದು ಅಡಿವೆಪ್ಪನ ಎಡ ಮೊಣಕಾಲು ಜಜ್ಜಿಹೋಗಿತ್ತು. ಎಲುಬು ಕೂಡಿತು, ಕೀಲು ಕೂಡಲಿಲ್ಲ. ಆಗಿನ್ನೂ ಅವನಿಗೆ ಹತ್ತು ವರ್ಷಕ್ಕೂ ಮೇಲಿನ ಸೇವೆ ಬಾಕಿಯಿತ್ತು. ವರ್ಷವರ್ಷದ ವೈದ್ಯಕೀಯ ತಪಾಸಣೆಯಲ್ಲಿ ನೋವಿದೆ ಎಂದರೆ ದರ್ಜೆ ಇಳಿಸಿ, ತನ್ನ ತುಕಡಿ ಬಿಡಿಸಿ, ಯಾವುದೋ ಉಗ್ರಾಣದಲ್ಲಿ ಕಂಬಳಿ ಎಣಿಸಲು ಕೂರಿಸುತ್ತಾರೆ ಎಂಬ ಹೆದರಿಕೆ. ಹಾಗಾಗಿ ತಪಾಸಣೆಯ ಹಿಂದಿನ ದಿನ ಬಿಸಿನೀರಿನ ಚೀಲ ಕಟ್ಟಿಕೊಂಡು ಮಲಗುವುದು, ಬೆಳಿಗ್ಗೆ ಸಾಹೇಬರ ಮುಂದೆ ಎದೆಯುಬ್ಬಿಸಿ 'ಫಿಟ್ ಸರ್' ಎನ್ನುವುದು ರೂಢಿಯಾಯಿತು. ಅವನೊಬ್ಬನೇ ಅಲ್ಲ, ಬ್ಯಾರಕಿನ ಅರ್ಧದಷ್ಟು ಮಂದಿ ಮಾಡುತ್ತಿದ್ದದ್ದು ಅದನ್ನೇ.

ನಿವೃತ್ತಿಯಾದ ಮೇಲೆ ಅದೇ ರೂಢಿ ಅವನ ಕೊರಳಿಗೆ ಸುತ್ತಿಕೊಂಡಿತು. ಮೊದಲ ಸಲ ಅರ್ಜಿ ಹಾಕಿ ಮಂಡಳಿಯ ಮುಂದೆ ನಿಂತಾಗ ಸಾಹೇಬರು ಕೇಳುವ ಮುಂಚೆಯೇ ಬಾಯಿಂದ 'ಫಿಟ್ ಸರ್' ಜಾರಿತ್ತು. ಅಷ್ಟು ಸಾಲದೆಂಬಂತೆ ಪುಣ್ಯಾತ್ಮ ಕುಕ್ಕರಗಾಲಲ್ಲಿ ಕೂತು ಎದ್ದು ಬೇರೆ ತೋರಿಸಿದ. ಹೊರಗೆ ಬಂದವನನ್ನು ಮಹಾದೇವಿ ರಿಕ್ಷಾಕ್ಕೆ ಎತ್ತಿ ಹಾಕಬೇಕಾಯಿತು. ಎರಡನೆಯ ಸಲ ಕುಕ್ಕರಗಾಲು ಹಾಕಲಿಲ್ಲ, ಮಾತು ಮಾತ್ರ ಅದೇ. ಇದು ಮೂರನೆಯದು. ನಿಯಮದ ಪ್ರಕಾರ ನಾಲ್ಕನೆಯದಿಲ್ಲ.

ಅವನಿಗೆ ಬೇಕಾಗಿದ್ದದ್ದು ದೊಡ್ಡದೇನಲ್ಲ. ಸೌಲಭ್ಯ ಮಂಜೂರಾದರೆ ಮೊಣಕಾಲಿಗೆ ಯಾಂತ್ರಿಕ ಕಟ್ಟು ಕೊಡುತ್ತಿದ್ದರು. ಹಗುರವಾದ ಆ ಕಟ್ಟು ಭಾರವನ್ನು ತಾನೇ ಹೊತ್ತು ಕಾಲನ್ನು ಮಡಿಸಿ ಬಿಡಿಸುತ್ತಿತ್ತು. ಅಡಿವೆಪ್ಪ ಊರಿನ ಭಜನಾ ಮೇಳದ ತಬಲಾದವನು. ಚಕ್ಕಳಮಕ್ಕಳ ಹಾಕಿ ಕೂರಲಾಗದೆ ಎಷ್ಟೋ ವರ್ಷದಿಂದ ಜಮಖಾನೆಯ ಹೊರಗೆ ಕುರ್ಚಿಯಲ್ಲಿ ಕೂತು ಬರೀ ತಲೆದೂಗುತ್ತಿದ್ದ. ಒಮ್ಮೆ ಟೀಪಾಯಿಯ ಮೇಲೆ ತಬಲಾ ಇಟ್ಟು ಬಾರಿಸಲು ಹೋಗಿ, ಟೀಪಾಯಿಯೇ ಕುಣಿಯತೊಡಗಿದ್ದನ್ನು ಕಂಡು ಮೇಳದವರು ಹಾಡು ನಿಲ್ಲಿಸಿ ನಕ್ಕಿದ್ದರು. ಅವನೂ ನಕ್ಕಿದ್ದ. ಮನೆಗೆ ಬಂದು ಮಾತ್ರ ಊಟ ಬೇಡವೆಂದಿದ್ದ.

ಒಳಗೆ ಸ್ತುತಿ ಮೂರೂ ಪಟ್ಟಿ ಕಟ್ಟಿ ಮುಗಿಸುವ ಹೊತ್ತಿಗೆ ಮಂಡಳಿಯ ಮುಖ್ಯಸ್ಥ ಕರ್ನಲ್ ನಾಣಯ್ಯ ಸಮವಸ್ತ್ರದಲ್ಲಿ ಬಾಗಿಲು ತಳ್ಳಿ ಬಂದರು. ಅಡಿವೆಪ್ಪ ಸ್ಪ್ರಿಂಗಿನಂತೆ ಎದ್ದು ನಿಂತ. ಹಿಮ್ಮಡಿ ಕೂಡಿತು, ಗದ್ದ ಮೇಲೇರಿತು.

"ಹೇಗಿದ್ದೀರಿ ಹವಾಲ್ದಾರ್?"

"ಫಿಟ್ ಸರ್!"

ಪರದೆಯ ಮೇಲೆ ಮೂರು ಎಂದು ಮೂಡಿತು. ಸ್ತುತಿ ಹುಬ್ಬು ಗಂಟಿಕ್ಕಿದಳು. ಎಕ್ಸ್‌ರೇಯಲ್ಲಿ ಎಲುಬಿಗೆ ಎಲುಬು ತಾಗಿ ಸವೆದದ್ದು ಕಣ್ಣಿಗೆ ರಾಚುವಂತಿತ್ತು. ಅವಳು ಮೊಣಕಾಲನ್ನು ಒತ್ತಿದಳು, ಮಡಿಸಿದಳು, ತಿರುವಿದಳು. ಅಂಕಿ ಅಲುಗಲಿಲ್ಲ. ಎಲ್ಲರಿಗಿಂತ ಹೆಚ್ಚು ಅಚ್ಚರಿಯಾದದ್ದು ಅಡಿವೆಪ್ಪನಿಗೆ. ಆ ಗಳಿಗೆಯಲ್ಲಿ ಅವನಿಗೆ ನಿಜವಾಗಿಯೂ ನೋಯುತ್ತಿರಲಿಲ್ಲ. ಹಾಗಾದರೆ ಇಷ್ಟು ವರ್ಷ ನರಳಿದ್ದೆಲ್ಲ ನಾಟಕವೇ ಎಂದು ಅವನಿಗೆ ತನ್ನ ಮೇಲೆಯೇ ಗುಮಾನಿ ಬಂತು. ಇನ್ನು ಆ ಜಮಖಾನೆಯನ್ನು ಮರೆಯಬೇಕು ಎಂದುಕೊಂಡ.

"ಬೇಸರವಾಗುತ್ತದೆ ಹವಾಲ್ದಾರರೇ. ಆದರೆ ಯಂತ್ರಕ್ಕೆ ದಾಕ್ಷಿಣ್ಯ ಇಲ್ಲ" ಎಂದು ಸ್ತುತಿ ಮಹಾದೇವಿಯನ್ನು ಒಳಗೆ ಕರೆದಳು, ಗಂಡನನ್ನು ಕರೆದುಕೊಂಡು ಹೋಗಲಿ ಎಂದು.

ಮಹಾದೇವಿ ಪರದೆಯ ಅಂಕಿ ನೋಡಿದಳು, ಗಂಡ ನಿಂತ ಭಂಗಿ ನೋಡಿದಳು, ಆಮೇಲೆ ಕರ್ನಲ್ ಕಡೆ ತಿರುಗಿದಳು.

"ಸಿಟ್ಟಿಗೇಳಬ್ಯಾಡ್ರಿ ಸಾಹೇಬ್ರ. ನೀವು ಒಂದೀಟು ಹೊರಗ ಹೋಗ್ರಿ. ನಿಮ್ಮಂಥವರು ಎದುರಿಗಿದ್ರ ಇವರಿಗೆ ನೋವು ಬರಂಗಿಲ್ರಿ. ಅದೆಲ್ಲಾ ಮನಿಗೆ ಬಂದು ನನ್ನ ಮುಂದ ಬರತೈತಿ."

"ಏ, ಸುಮ್ಮನಿರ..." ಎಂದು ಅಡಿವೆಪ್ಪ ನಾಚಿ ನೀರಾದ.

ಕರ್ನಲ್ ಸಿಟ್ಟಾಗಲಿಲ್ಲ. ಫಿರಂಗಿ ಸದ್ದಿಗೆ ಮಂದವಾದ ಒಂದು ಕಿವಿಯನ್ನು ಅವರೂ ತಮ್ಮ ಸೇವೆಯುದ್ದಕ್ಕೂ ಬಚ್ಚಿಟ್ಟಿದ್ದರು. ಮೇಲಧಿಕಾರಿಗಳ ತುಟಿ ನೋಡಿಯೇ ಉತ್ತರ ಕೊಡುತ್ತಿದ್ದವರು. ನಗುತ್ತ ಹೊರಗೆ ಹೋಗಿ ಬಾಗಿಲು ಹಾಕಿಕೊಂಡರು.

ಅಡಿವೆಪ್ಪನ ಭುಜ ಇಳಿಯಿತು. ಉಸಿರು ಬಿಟ್ಟು ಕುರ್ಚಿಗೆ ಕುಸಿದ. ಅಂಕಿ ಏರತೊಡಗಿತು. ಇಪ್ಪತ್ತು, ನಲವತ್ತು, ಎಪ್ಪತ್ತು. ಅವನ ಹಣೆಯಲ್ಲಿ ಬೆವರು ಮೂಡಿತು. ಕರ್ನಲ್ ಕುತೂಹಲ ತಡೆಯಲಾರದೆ ಬಾಗಿಲ ಸಂದಿಯಿಂದ ಇಣುಕಿದರು. ಅಂಕಿ ದಬಕ್ಕನೆ ಐದಕ್ಕೆ ಬಿತ್ತು. ತಲೆ ಹಿಂದಕ್ಕೆಳೆದುಕೊಂಡರು, ಮತ್ತೆ ಎಪ್ಪತ್ತು. ಇನ್ನೊಮ್ಮೆ ಇಣುಕಿದರು, ಮತ್ತೆ ಐದು. ತೊಟ್ಟಿಲ ಕೂಸಿನ ಮುಂದೆ ದೊಡ್ಡವರು ಮುಖ ಮುಚ್ಚಿ ತೆಗೆದು ಆಡುವ ಹಾಗಿತ್ತು ಆ ಆಟ.

"ಸರ್, ದಯವಿಟ್ಟು ಅಲ್ಲೇ ಇರಿ" ಎಂದು ಸ್ತುತಿ ಕೂಗಿದಳು.

ಅವಳು ಬೆನ್ನಿನ ಪಟ್ಟಿ ಯಂತ್ರದೊಳಗೆ ಬಿಡಿಸಿಟ್ಟಿದ್ದ ಗೆರೆಗಳನ್ನು ಪರದೆಯ ಮೇಲೆ ತೆರೆದು ನೋಡಿದಳು. ಆವರೆಗೆ ಯಾರೂ ಅವನ್ನು ಕಣ್ಣೆತ್ತಿ ನೋಡಿರಲಿಲ್ಲ. ನೋಡುತ್ತ ನೋಡುತ್ತ ಅವಳ ಮುಖ ಕೆಂಪಾಯಿತು.

"ತಪ್ಪು ನನ್ನದೇ" ಎಂದಳು. "ಹವಾಲ್ದಾರರೇ, ಬೆನ್ನುಹುರಿಯಲ್ಲಿ ಒಂದು ಬಾಗಿಲು ಇದ್ದ ಹಾಗೆ ಅಂದುಕೊಳ್ಳಿ. ಮೊಣಕಾಲಿನ ಸುದ್ದಿ ಮಿದುಳಿಗೆ ಹೋಗಬೇಕಾದರೆ ಅದನ್ನು ದಾಟಬೇಕು. ಮಿದುಳು ಬೇಡ ಎಂದರೆ ಮೇಲಿನಿಂದ ಅಪ್ಪಣೆ ಕಳಿಸಿ ಬಾಗಿಲು ಮುಚ್ಚಿಸುತ್ತದೆ. ಗುಂಡು ತಗುಲಿದವರೂ ಓಡ್ತಾರಲ್ಲ, ಆ ಹೊತ್ತಿಗೆ ಗೊತ್ತೇ ಆಗುವುದಿಲ್ಲ. ನಿಮಗೆ ಅದು ಅಭ್ಯಾಸವೇ ಆಗಿಬಿಟ್ಟಿದೆ."

"ಅಂದ್ರ ನಾ ಸುಳ್ಳ ಹೇಳಿಲ್ರಿ?"

"ಇಲ್ಲ. ಆದರೆ ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲುವುದೂ ದುಡಿಮೆಯೇ ಅಲ್ವಾ? ನಿದ್ದೆ ಬಾರದ್ದು, ಸಿಟ್ಟು, ಮನೆಗೆ ಹೋದ ಮೇಲೆ ಎರಡರಷ್ಟು ನೋವು, ಎಲ್ಲ ಆ ದುಡಿಮೆಯ ಫಲ. ಈ ಯಂತ್ರ ಅದನ್ನು ಲೆಕ್ಕಕ್ಕೇ ತಗೊಂಡಿಲ್ಲ."

ಆ ದುಡಿಮೆಯನ್ನು ಅಳೆಯಬೇಕಾದರೆ ನೋವಿಲ್ಲದ ಒಬ್ಬರ ಬೆನ್ನಿನ ಗೆರೆಯ ಜೊತೆ ಹೋಲಿಸಿ ನೋಡಬೇಕಿತ್ತು. ಕರ್ನಲ್ ಒಳಗೆ ಬರುವಂತಿಲ್ಲ. ತಾನೇ ಕಟ್ಟಿಕೊಂಡರೆ ಯಂತ್ರ ನಡೆಸುವವರಿಲ್ಲ. ಸ್ತುತಿಯ ಕಣ್ಣು ಮಹಾದೇವಿಯ ಮೇಲೆ ಬಿತ್ತು.

"ಅಕ್ಕ, ನಿಮಗೇನಾದರೂ ನೋವು ಗೀವು ಉಂಟಾ?"

"ನನಗೇನಾಗೇತ್ರಿ ಅಕ್ಕಾರ, ಆರಾಮ ಅದೀನಿ" ಎಂದು ಮಹಾದೇವಿ ನಗುತ್ತ, ಗಂಡನಿಂದ ಬಿಚ್ಚಿದ ಪಟ್ಟಿಗಳನ್ನು ಬೆನ್ನಿಗೂ ತಲೆಗೂ ಕಟ್ಟಿಸಿಕೊಂಡಳು. "ಪಟಗಾ ಸುತ್ತಿಧಂಗ ಕಾಣ್ತದೇನ್ರಿ?" ಎಂದು ಗಂಡನನ್ನು ಕೇಳಿದಳು. ಅವನೂ ನಕ್ಕ.

ಅಂಕಿ ನಾಲ್ಕು. ಮಾತಿನಂತೆಯೇ ಆರಾಮ. ಆದರೆ ಸ್ತುತಿ ಪರದೆ ಬಿಟ್ಟು ಕದಲಲಿಲ್ಲ. ಕರ್ನಲ್ ಎದುರಿಗೆ ನಿಂತಾಗ ಅಡಿವೆಪ್ಪನ ಬೆನ್ನಿನಲ್ಲಿ ಮೂಡಿದ್ದ ಗೆರೆ ಎಷ್ಟು ದಪ್ಪವಿತ್ತೋ ಇವಳದ್ದು ಅದಕ್ಕೂ ದಪ್ಪವಾಗಿತ್ತು. ಸ್ತುತಿ ಮೆಲ್ಲಗೆ ಹೇಳಿದಳು, "ಹವಾಲ್ದಾರರೇ, ಈಗ ಸ್ವಲ್ಪ ನೀವು ಹೊರಗೆ ನಿಲ್ತೀರಾ?"

ಹೆಣ್ಣುಮಕ್ಕಳ ತಪಾಸಣೆ ಇರಬಹುದೆಂದು ಅಡಿವೆಪ್ಪ ಕುಂಟುತ್ತ ಹೊರಗೆ ಬಂದು ಕರ್ನಲ್ ಪಕ್ಕ ನಿಂತ. ಬಾಗಿಲಿಗೆ ಕೂರಿಸಿದ್ದ ಗಾಜಿನ ತುಂಡಿನಲ್ಲಿ ಪರದೆ ಕಾಣುತ್ತಿತ್ತು. ಅಂಕಿ ಏರುತ್ತಿತ್ತು. ಹದಿನೈದು, ಮೂವತ್ತೆಂಟು. ಮಹಾದೇವಿ ಬಲ ಭುಜವನ್ನು ಎಡಗೈಯಲ್ಲಿ ಹಿಡಿದುಕೊಂಡು ಕಣ್ಣು ಮುಚ್ಚಿದಳು. ಅರವತ್ತಾರು.

ಅವನು ಗಾಬರಿಯಾಗಿ ಬಾಗಿಲು ತೆರೆದ. ಅವಳು ಕಣ್ಣು ಬಿಟ್ಟು, "ಏನ್ರಿ, ಚಹಾ ಕುಡದ್ರೇನು?" ಎಂದಳು. ಅಂಕಿ ನಾಲ್ಕಕ್ಕೆ ಇಳಿದಿತ್ತು.

ಅಡಿವೆಪ್ಪ ಬಾಗಿಲು ಹಾಕಿಕೊಂಡು ಮತ್ತೆ ಹೊರಗೇ ನಿಂತ. ಆ ಬಲ ಭುಜ ಅವನಿಗೆ ಚೆನ್ನಾಗಿ ಗೊತ್ತು. ದಿನಾ ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ ಅವನು ಮೈಭಾರವನ್ನೆಲ್ಲ ಬಿಡುತ್ತಿದ್ದದ್ದು ಅದರ ಮೇಲೆಯೇ. ಬಸ್ಸಿಗೆ ಹತ್ತಿಸಿದ್ದು, ರಿಕ್ಷಾಕ್ಕೆ ಎತ್ತಿ ಹಾಕಿದ್ದು ಅದೇ ಭುಜ. ಒಂದು ದಿನವಾದರೂ ಅವಳು ಮುಖ ಕಿವುಚಿದ್ದನ್ನು ಅವನು ಕಂಡಿರಲಿಲ್ಲ. ಎಲ್ಲಿಂದ ಕಾಣಬೇಕು? ಅವಳ ಪಾಲಿನ ಸಾಹೇಬ ತಾನೇ ಎಂದು ತಿಳಿದಾಗ ಹವಾಲ್ದಾರನ ಕಣ್ಣು ತುಂಬಿತು, ಅದನ್ನು ಅವನು ಒರೆಸಿಕೊಳ್ಳಲೂ ಹೋಗಲಿಲ್ಲ. ಪಕ್ಕದಲ್ಲಿದ್ದ ಕರ್ನಲ್ ಅವನ ಬೆನ್ನ ಮೇಲೆ ಕೈಯಿಟ್ಟರು.

ಮಂಡಳಿ ನಿಯಮ ಬದಲಾಯಿಸಲು ಒಂದಿಷ್ಟು ತಿಂಗಳು ತೆಗೆದುಕೊಂಡಿತು. ಬೆನ್ನಿನ ಗೆರೆಯನ್ನೂ ಲೆಕ್ಕಕ್ಕೆ ಸೇರಿಸಿದರು, ಅಡಿವೆಪ್ಪನಿಗೆ ಕಟ್ಟು ಬಂತು. ನೋಡಿಕೊಳ್ಳುವವರ ಮೈಯನ್ನೂ ತಪಾಸಣೆ ಮಾಡಿ ಚಿಕಿತ್ಸೆ ಕೊಡಬೇಕೆಂದು ಕರ್ನಲ್ ಹಟ ಹಿಡಿದು ಬರೆಸಿದರು. ಹಾಗಾಗಿ ಗಂಡ ಕಾಲಿನ ವ್ಯಾಯಾಮಕ್ಕೆ ಹೋದ ದಿನವೇ ಹೆಂಡತಿ ಭುಜದ ಚಿಕಿತ್ಸೆಗೂ ಹೋಗಿಬರುತ್ತಿದ್ದಳು. ಹೊರಗಿನ ಬೆಂಚಿನ ಮೇಲೆ ಇಬ್ಬರೂ ಬುತ್ತಿ ಬಿಚ್ಚಿ ರೊಟ್ಟಿ ತಿನ್ನುವುದನ್ನು ಅಲ್ಲಿನ ನರ್ಸುಗಳು ಆಸೆಯಿಂದ ನೋಡುತ್ತಿದ್ದರು. ಸ್ತುತಿಯ ಯಂತ್ರ ಮುಂದೆ ಅಗ್ಗವಾಗಿ ಊರೂರಿನ ದವಾಖಾನೆಗೆ ಹೋಯಿತು. ಅದನ್ನು ನಡೆಸುವವರಿಗೆ ಅವಳು ಕಲಿಸುತ್ತಿದ್ದ ಮೊದಲ ಪಾಠ, ಎದುರಿಗಿರುವವರನ್ನು ಹೊರಗೆ ಕಳಿಸಿ ಇನ್ನೊಮ್ಮೆ ನೋಡಿ ಎಂಬುದು. ಕಚೇರಿಗಳಲ್ಲಿ, ಶಾಲೆಗಳಲ್ಲಿ, ಅತ್ತೆಮನೆಗಳಲ್ಲಿ ಎಷ್ಟು ಬಾಗಿಲುಗಳಿಗೆ ಎಷ್ಟು ಜನ ಬೆನ್ನು ಕೊಟ್ಟು ನಿಂತಿದ್ದಾರೆ ಎಂದು ಜಗತ್ತಿಗೆ ತಿಳಿದದ್ದು ಆಮೇಲೆ.

ಅಡಿವೆಪ್ಪ ಮಾತ್ರ ಮನೆಗೆ ಯಂತ್ರ ತರಿಸಲಿಲ್ಲ. ಭಜನೆಗೆ ಹೊರಡುವ ಸಂಜೆಗಳಲ್ಲಿ ತಬಲಾ ಹೆಗಲಿಗೇರಿಸಿಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಲ್ಲುತ್ತಿದ್ದ.

"ಆರಾಮ ಅದಿ?"

"ಆರಾಮ ಅದೀನ್ರಿ. ನೀವು ನಡೀರಿ, ಹೊತ್ತಾತು."

ಅವನು ಅಂಗಳಕ್ಕೆ ಇಳಿಯುತ್ತಿದ್ದ. ಕಿಟಕಿಯ ಕೆಳಗೆ, ಅವಳ ಕಣ್ಣಿಗೆ ಬೀಳದ ಹಾಗೆ ಗೋಡೆಗೆ ಆನಿಕೊಂಡು ಸ್ವಲ್ಪ ಹೊತ್ತು ಕಾಯುತ್ತಿದ್ದ. ಅಲ್ಲಿಂದ ಮತ್ತೆ ಕೇಳುತ್ತಿದ್ದ.

"ಮಹಾದೇವಿ, ಈಗ ಹೇಳು."

ಒಳಗೆ ಪಾತ್ರೆಯ ಸದ್ದು ನಿಲ್ಲುತ್ತಿತ್ತು. ಒಮ್ಮೊಮ್ಮೆ ಅವಳು ನಕ್ಕು, "ಖರೇನ ಆರಾಮ ಅದೀನ್ರಿ, ಹೋಗ್ರಿ ಇನ್ನ" ಎಂದು ಗದರುತ್ತಿದ್ದಳು. ಇನ್ನು ಕೆಲವು ಸಂಜೆ, "ಇವತ್ತ ಭುಜ ಭಾಳ ನೋಯಾಕತ್ತೈತ್ರಿ" ಎನ್ನುತ್ತಿದ್ದಳು. ಅಂಥ ದಿನ ಮೇಳಕ್ಕೆ ಹೋಗುವುದು ತಡವಾಗುತ್ತಿತ್ತು. ಜಮಖಾನೆಯ ಮೇಲೆ ಅವನ ಜಾಗ ಖಾಲಿ ಇಟ್ಟು ಮೇಳದವರು ಕಾಯುತ್ತಿದ್ದರು.

ಇದನ್ನು ಓದುತ್ತಿರುವ ನಮ್ಮ ಕಾಲಕ್ಕೆ ಆ ಯಂತ್ರ ಬರಲು ಇನ್ನೂ ಕೆಲವು ದಶಕಗಳಿವೆ. ಕಿಟಕಿ ಈಗಲೂ ಎಲ್ಲರ ಮನೆಯಲ್ಲೂ ಇದೆ.