ಬಲಗೈ ಟಾರ್ಚು

ಬೆಳಿಗ್ಗೆ ಏಳು ಹತ್ತಕ್ಕೆ ಇನ್ಸ್‌ಪೆಕ್ಟರ್ ಬಂದಾಗ ಠಾಣೆಯ ಮೆಟ್ಟಿಲ ಮೇಲೆ ಇಬ್ಬರು ಕೂತಿದ್ದರು. ಮೇಲಿನ ಮೆಟ್ಟಿಲಲ್ಲಿ ನೀರುಗಂಟಿಯ ಹೆಂಡತಿ. ಹಿಂದಿನ ಸಂಜೆ ಕಾಲುವೆಯ ತೂಬು ಮುಚ್ಚಲು ಹೋದ ಗಂಡ ಜೋಳದ ಹೊಲದ ಬದುವಿನಲ್ಲಿ ಎದೆಗೆ ಗುಂಡು ಬಿದ್ದು ಸತ್ತಿದ್ದಾನೆಂದು ದೂರು ಕೊಡಲು ಬಂದವಳು. ಎರಡು ಮೆಟ್ಟಿಲು ಕೆಳಗೆ ಆ ಹೊಲದ ಯಜಮಾನ, ಗೋಣಿಯಲ್ಲಿ ಸುತ್ತಿದ ಬಂದೂಕಿನೊಂದಿಗೆ. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲ.

"ಹಂದಿ ಅಂದ್ಕೊಂಡು ಹೊಡೆದೆ ಸಾರ್. ಕತ್ತಲಾಗಿತ್ತು. ಮನುಷ್ಯ ಅಂತ ಕಾಣ್ಲಿಲ್ಲ."

ಅವನು ಬಂದೂಕು, ಲೈಸೆನ್ಸು, ಕೈಗೆ ಕಟ್ಟುವ ಟಾರ್ಚು ಮೂರನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟ. "ಯಾವ ಸಾಮಾನಲ್ಲಿ ಆಯ್ತೋ ಅಷ್ಟನ್ನೂ ಒಪ್ಪಿಸ್ಬೇಕಲ್ಲ."

"ಕಳ್ಳನೇ ಗಂಟು ಹೊತ್ಕೊಂಡು ಬಂದ್ರೆ ನಾವು ಸಂಬಳ ತಗೊಳ್ಳೋದು ಯಾಕೆ ಸಾರ್?" ಎಂದು ದಫೇದಾರ ಕಾಗದ ಎಳೆದುಕೊಂಡ. ಏಳು ಐವತ್ತಕ್ಕೆ ಎಫ್‌ಐಆರ್ ಆಯಿತು. ನಿರ್ಲಕ್ಷ್ಯದಿಂದಾದ ಸಾವು.

ಒಂಬತ್ತೂವರೆಗೆ ಸ್ಥಳ ಪಂಚನಾಮೆ. ಗುಂಡು ಹಾರಿದ ಜಾಗಕ್ಕೂ ಹೆಣಕ್ಕೂ ಹದಿನೆಂಟು ಹೆಜ್ಜೆ. ನಡುವೆ ಒಂದು ದಂಟೂ ಅಡ್ಡವಿರಲಿಲ್ಲ. ಸತ್ತವನ ಅಂಗಿಯ ಜೇಬಿನಲ್ಲಿ ಒಂದು ಸೀಟಿ. ಜೇಬಿಗೆ ಗುಂಡಿ ಹಾಕಿತ್ತು.

"ಇದು ಯಾಕೆ?"

"ತೂಬು ಎತ್ತೋಕೆ ಮುಂಚೆ ಮೂರು ಸಲ ಊದ್ಬೇಕು ಸಾರ್. ಕಾಲುವೇಲಿ ಇಳಿದಿರೋರು ಮೇಲೆ ಬರ್ಲಿ ಅಂತ," ಎಂದ ದಫೇದಾರ. ಏನೋ ನೆನಪಾದವನಂತೆ ಕಾಲುವೆಯ ಕಡೆ ತಿರುಗಿ ನೋಡಿದ.

ಮಧ್ಯಾಹ್ನ ಎರಡಕ್ಕೆ ದಾಖಲೆ ಕೋಣೆಯ ಕಿಟಕಿಗಳನ್ನು ಮುಚ್ಚಿಸಿ, ಇನ್ಸ್‌ಪೆಕ್ಟರ್ ಹೊಲದ ಯಜಮಾನನ ಮುಂದೆ ಖಾಲಿ ಬಂದೂಕು ಮತ್ತು ಟಾರ್ಚು ಇಟ್ಟರು.

"ನಿನ್ನೆ ಹೇಗೆ ಕಟ್ಕೊಂಡಿದ್ರೋ ಹಾಗೇ ಕಟ್ಕೊಳ್ಳಿ."

ಅವನು ಎಡಗೈ ಚಾಚಿದ. ಬಲಗೈ ಬೆರಳು ಬಂದೂಕಿನ ಕುದುರೆಯ ಮೇಲೆ, ಎಡಗೈ ನಳಿಗೆಯ ಕೆಳಗೆ. ಟಾರ್ಚು ನಳಿಗೆ ಹಿಡಿದ ಕೈಗೇ ಸೇರಬೇಕು. ಆದರೆ ಹೆಬ್ಬೆರಳಿನ ತೂತು ಕಿರುಬೆರಳ ಕಡೆ ಬಂತು. ಬಿಚ್ಚಿ, ತಿರುಗಿಸಿ, ಹೆಬ್ಬೆರಳು ತೂರಿಸಿ ಪಟ್ಟಿ ಬಿಗಿದ. ಬಂದೂಕು ಎತ್ತಿ ಗುಂಡಿ ಒತ್ತಿದ. ಬೆಳಕು ಹಿಮ್ಮುಖವಾಗಿ ಅವನ ಕಣ್ಣಿಗೇ ಹೊಡೆಯಿತು.

ಯಾರೂ ನಗಲಿಲ್ಲ.

"ಇದು ಬಲಗೈಗೆ ಮಾಡಿದ್ದು. ಬಲಗೈಯಲ್ಲಿ ನಳಿಗೆ ಹಿಡಿಯೋರು ಎಡಚರು. ನಿಮ್ಮನೇಲಿ ಎಡಚರು ಯಾರು?"

ಅವನು ಬೆಳಕನ್ನು ಆರಿಸಲೂ ಮರೆತು ನಿಂತಿದ್ದ. "ನನ್ನನ್ನೇ ಇಟ್ಕೊಳ್ಳಿ ಸಾರ್. ನನಗೆ ಹಿಂದಿಲ್ಲ ಮುಂದಿಲ್ಲ. ತಂಗಿಗೊಬ್ಬಳು ಮಗಳಿದಾಳೆ."

ಮೂರೂವರೆಗೆ ಪೇಟೆಯ ಪಂಪು, ಟಾರ್ಚುಗಳ ಅಂಗಡಿ. ಆ ಟಾರ್ಚು ಯಾರಿಗೆ ಮಾರಿದ್ದೆಂದು ಅಂಗಡಿಯವನಿಗೆ ಚೆನ್ನಾಗಿ ನೆನಪಿತ್ತು.

"ಅಣ್ಣ ತಂಗಿ ಬಂದಿದ್ರು. ಅಣ್ಣ ಆಕಳಿಸ್ತಾ ಕೂತಿದ್ರು, ಆರ್ಸಿದ್ದೆಲ್ಲ ಆಯಮ್ಮನೇ. ಸೀರೆ ಆರಿಸೋಕೂ ನಮ್ಮನೆಯವಳು ಅಷ್ಟು ಹೊತ್ತು ತಗೊಳ್ಳಲ್ಲ ಸಾರ್."

"ಏನು ಕೇಳಿದ್ರು?"

"ತಲೆಗೆ ಕಟ್ಟೋದು ಬೇಡ ಅಂದ್ರು. ಬಂದೂಕಿಗೇ ಸಿಕ್ಕಿಸೋದು ಕೊಟ್ಟೆ, ಅದೂ ಬೇಡ. ಅದರಲ್ಲಿ ಏನನ್ನ ನೋಡ್ಬೇಕಾದ್ರೂ ಬಂದೂಕನ್ನ ಅತ್ತ ಗುರಿ ಇಡ್ಬೇಕಲ್ಲ. ಕೈಗೆ ಕಟ್ಟೋದಾದ್ರೆ ಮೊದಲು ಕೈ ಚಾಚಿ ನೋಡಬಹುದು, ಆಮೇಲೆ ಬಂದೂಕು ಎತ್ತಬಹುದು. 'ಹಂದಿನೋ ಮನುಷ್ಯನೋ ನೋಡ್ಕೊಂಡೇ ಹೊಡೀಬೇಕು' ಅಂದ್ರು. ಎಷ್ಟು ಜವಾಬ್ದಾರಿ ಹೆಣ್ಣುಮಗಳು ಅಂದ್ಕೊಂಡೆ."

ಇನ್ಸ್‌ಪೆಕ್ಟರ್ ಆ ಮಾತನ್ನು ಹಾಗೆಯೇ ಬರೆಸಿ, ಅವನ ಸಹಿ ತೆಗೆದುಕೊಂಡರು. ಬೆಳಗಿನ ಎಫ್‌ಐಆರ್ ಈಗ ಕೊಲೆಯದಾಗಬೇಕಿತ್ತು.

ಐದು ಇಪ್ಪತ್ತಕ್ಕೆ, ಹೊತ್ತು ಮುಳುಗುವ ಮೊದಲೇ, ಮಹಿಳಾ ಕಾನ್ಸ್‌ಟೇಬಲ್ ಜೊತೆ ಇನ್ಸ್‌ಪೆಕ್ಟರ್ ಆ ಅಣ್ಣ ತಂಗಿಯ ಮನೆ ತಲುಪಿದರು. ತಂಗಿ ಜಗಲಿಯ ಮೇಲೆ ಕೂತು ಎಡಗೈಯಲ್ಲಿ ತೆನೆ ಬಿಡಿಸುತ್ತಿದ್ದಳು. ಜೀಪು ನೋಡಿ ಮೊರವನ್ನು ಪಕ್ಕಕ್ಕಿಟ್ಟಳು.

"ಅಣ್ಣನ್ನ ಬಿಡ್ತೀರಲ್ಲ? ನಾನು ಏಳೋ ಹೊತ್ತಿಗೆ ಬಂದೂಕು ಹೊತ್ಕೊಂಡು ಹೊರಟೇಬಿಟ್ಟಿದ್ದ."

"ಟಾರ್ಚು ಹಾಕ್ದಾಗ ಏನು ಕಾಣಿಸ್ತಮ್ಮ?"

"ಮುಖ."

"ನೀರುಗಂಟಿ ಏನಾದ್ರೂ ಅಂದನಾ?"

"'ಆರ್ಸಮ್ಮ, ಕಣ್ಣಿಗೆ ಹೊಡೀತಿದೆ' ಅಂದ. ಆರಿಸ್ಲಿಲ್ಲ."

ಮಗಳನ್ನು ಪಕ್ಕದ ಮನೆಯ ಅಜ್ಜಿಗೆ ಒಪ್ಪಿಸಿ, ತಾನೇ ಜೀಪು ಹತ್ತಿದಳು. ಐದು ನಲವತ್ತಕ್ಕೆ ಬಂಧನ ಎಂದು ದಾಖಲಾಯಿತು.

ಠಾಣೆಯಲ್ಲಿ ದಫೇದಾರ ಕೇಳದೆಯೇ ಹೋದ ವರ್ಷದ ಒಂದು ಕಡತ ತಂದಿಟ್ಟ. ಅದರಲ್ಲಿ ಎರಡೇ ಹಾಳೆ, ಅವನದೇ ಕೈಬರಹ. ಸಂಜೆ ಕಾಲುವೆಯ ಹೂಳೆತ್ತುತ್ತಿದ್ದ ಒಬ್ಬ, ಸೀಟಿಯಿಲ್ಲದೆ ತೂಬು ಎತ್ತಿದ್ದರಿಂದ ಕೊಚ್ಚಿಹೋಗಿದ್ದ. ಅವನೇ ಈ ತಂಗಿಯ ಗಂಡ. ನೀರುಗಂಟಿಯ ಒಂದು ಹೇಳಿಕೆ ಪಡೆದು ಆಕಸ್ಮಿಕವೆಂದು ಮುಗಿಸಲಾಗಿತ್ತು. ಮೂರು ಸಲ ಠಾಣೆಗೆ ಬಂದಿದ್ದೆ ಎಂದು ಈಕೆ ಜೀಪಿನಲ್ಲಿ ಹೇಳಿದ್ದಳು; ಕಡತದಲ್ಲಿ ಅದು ಎಲ್ಲೂ ಇರಲಿಲ್ಲ.

"ಬಂದಿದ್ರು ಸಾರ್," ಎಂದ ದಫೇದಾರ, ತಲೆ ಎತ್ತದೆ.

ಇನ್ಸ್‌ಪೆಕ್ಟರ್ ಆ ಹಳೆಯ ಹೇಳಿಕೆಯನ್ನು ಅಣ್ಣ ಬೆಳಿಗ್ಗೆ ಕೊಟ್ಟ ಹೇಳಿಕೆಯ ಪಕ್ಕದಲ್ಲಿಟ್ಟು ಓದಿದರು. ಎರಡರಲ್ಲೂ ಒಂದೇ ಸಾಲಿತ್ತು: ಕತ್ತಲಾಗಿತ್ತು, ಮನುಷ್ಯ ಅಂತ ಕಾಣಲಿಲ್ಲ.