ನೀರು ಮುಟ್ಟಿದ ಅವರೆ

ಶಶಿಧರ್ ನನಗೆ ಸಿಕ್ಕಿದ್ದೇ ಕಳ್ಳನಾಗಿ. ಎರಡು ವರ್ಷದ ಹಿಂದೆ, ಧನುರ್ಮಾಸದ ಒಂದು ಬೆಳಗ್ಗೆ, ನಮ್ಮ ಕಾಂಪೌಂಡಿನ ಆಚೆ ಬೈಕ್ ನಿಲ್ಲಿಸಿ, ಅದರ ಸೀಟಿನ ಮೇಲೆ ಹತ್ತಿ ನಿಂತು, ಚಪ್ಪರದಿಂದ ಹೊರಗೆ ಬಾಗಿದ್ದ ಅವರೆಕಾಯಿ ಕೀಳುತ್ತಿದ್ದ.

"ಯಾರ್ರೀ ಅದು? ನಿಮ್ಮಪ್ಪನ ಮನೆ ಗಿಡಾನಾ?"

"ಬಳ್ಳಿ ರೋಡಿಗೆ ಬಂದಿತ್ತು ಮೇಡಂ. ರೋಡು ಎಲ್ಲರದ್ದೂ ಅಲ್ವಾ?"

"ನಿಮ್ಮ ಬೈಕೂ ರೋಡಲ್ಲೇ ಇದೆ. ಕೀ ಕೊಡಿ ಇಲ್ಲಿ."

ಅವನು ನಕ್ಕ. ಕಿತ್ತ ಕಾಯಿಯನ್ನೆಲ್ಲ ಹೆಲ್ಮೆಟ್ಟಿಗೆ ಹಾಕಿ ನನ್ನ ಕೈಗೆ ಕೊಟ್ಟ, ಮೇಲೆ ಕೀಯನ್ನೂ ಇಟ್ಟ. ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತಿತ್ತು. ನಾನು ಹಾಳಾಗಿದ್ದು ಅಲ್ಲೇ.

ನಮ್ಮದು ಬಿಳೇಕಹಳ್ಳಿಯ ಹಳೇ ಊರಿನ ಕಡೇ ಬೀದಿ. ಈಗ ಅದಕ್ಕೆ ಕ್ರಾಸು, ನಂಬರು, ಬೋರ್ಡು ಎಲ್ಲ ಬಂದಿದೆ. ಮನೆ ಪಕ್ಕದ ಒಂದು ಚೂರು ಜಾಗದಲ್ಲಿ ನನ್ನಜ್ಜಿ ತಿಮ್ಮಕ್ಕ ಮಳೆಗಾಲದಲ್ಲಿ ಅವರೆ ಊರಿ, ಬಿದಿರಿನ ಚಪ್ಪರಕ್ಕೆ ಹಬ್ಬಿಸಿ, ಹೇನು ಬಿದ್ದರೆ ಬೂದಿ ಎರಚಿ ಸಾಕುತ್ತಾಳೆ. ಬಿಲ್ಡರುಗಳು ಗೇಟು ತಟ್ಟಿದರೆ ಪೊರಕೆ ತೋರಿಸುತ್ತಾಳೆ. ನಾನು ಜಯನಗರದ ಲ್ಯಾಬೊಂದರಲ್ಲಿ ಜನರ ರಕ್ತ ತೆಗೆಯುವವಳು. ಶಶಿಯ ಮನೆಯವರು ಊರೊಳಗಿನ ದೊಡ್ಡ ಬೀದಿಯವರು. ಹೊಲ ಇದ್ದ ಕಡೆ ಈಗ ಬಾಡಿಗೆ ಮನೆಗಳಿವೆ, ಹಿತ್ತಲಲ್ಲಿ ಇನ್ನೂ ಒಂದು ಹಸು ಇದೆ.

ಆಮೇಲೆ ಅವನು ಗೇಟಿನಿಂದಲೇ ಬರತೊಡಗಿದ. ಇಬ್ಬನಿ ಆರುವ ಮುಂಚೆ ಕಿತ್ತರೇ ಸೊಗಡು ಜಾಸ್ತಿ ಎಂದು ಅಜ್ಜಿ ಹೇಳಿದ್ದೇ ತಡ, ಏಳು ಗಂಟೆಗೆ ಮೊದಲು ಏಳದ ಆಸಾಮಿ ಮಂಕಿ ಕ್ಯಾಪ್ ಹಾಕಿಕೊಂಡು ಹಾಜರ್. ಜಗಲಿಯ ಮೇಲೆ ಕೂತು ಕಾಯಿ ಸುಲಿಯುತ್ತಿದ್ದ. ಹುಳ ಕಂಡರೆ ಮಾತ್ರ ಎಗರಿ ಬೀಳುತ್ತಿದ್ದ.

"ಥೂ, ಗಂಡಸಾ ನೀನು?"

"ಹುಳಕ್ಕೆ ಅದೆಲ್ಲ ಗೊತ್ತಾಗಲ್ಲ ಕಣೆ."

ಒಂದು ದಿನ ನೆನೆಸಿದ ಕಾಳು ಹಿತಕುವುದನ್ನು ಕಲಿಸಿದೆ. ಎರಡು ಬೆರಳ ನಡುವೆ ಮೆಲ್ಲಗೆ ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಹೊರಗೆ ಜಾರಬೇಕು. ಅವನು ಒತ್ತಿದ್ದು ಹಾರಿ ನನ್ನ ಕೆನ್ನೆಗೆ ಬಿತ್ತು. ತೆಗೆಯುವ ನೆಪದಲ್ಲಿ ಕೈ ಚಾಚಿದವನು ತೆಗೆಯಲಿಲ್ಲ, ಹಾಗೇ ನೋಡುತ್ತ ಕೂತ. ಒಳಗಿಂದ ಅಜ್ಜಿ ಬೇಕೆಂದೇ ಕೆಮ್ಮಿದಳು. ಅವತ್ತು ಲ್ಯಾಬಿನಲ್ಲಿ ನಾನು ಸೂಜಿ ಚುಚ್ಚಿದವರೆಲ್ಲ ನೋವೇ ಆಗಲಿಲ್ಲ ಅಂದರು.

ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಒಂದೇ ತಟ್ಟೆಯಲ್ಲಿ ದೋಸೆ ತಿನ್ನುತ್ತಿದ್ದೆವು, ಒಂದೇ ಲೋಟದಲ್ಲಿ ಕಾಫಿ. ನಮ್ಮ ಮನೆಯ ಹೊಸ್ತಿಲು ಮಾತ್ರ ಅವನು ದಾಟುತ್ತಿರಲಿಲ್ಲ. "ಅಜ್ಜಿ ಇದಾರೆ, ನಾಚಿಕೆ" ಅನ್ನುತ್ತಿದ್ದ. ಪಾಪ, ಎಷ್ಟು ಮರ್ಯಾದಸ್ಥ ಹುಡುಗ ಅಂದುಕೊಂಡೆ. ನನ್ನಂಥ ಪೆದ್ದಿ ಇನ್ನೊಬ್ಬಳಿಲ್ಲ.

ಈ ವರ್ಷ ಮಾತು ಗಟ್ಟಿಯಾಯಿತು. "ಸಂಕ್ರಾಂತಿಗೆ ಅಮ್ಮಂಗೆ ನಮ್ಮ ವಿಷಯ ಹೇಳ್ತೀನಿ ಶಾಂತು, ಪ್ರಾಮಿಸ್" ಅಂದ. ಅವರಮ್ಮ ಅಕ್ಕಯಮ್ಮನಿಗೆ ನಮ್ಮ ಅವರೆ ಅಂದರೆ ಪ್ರಾಣವಂತೆ. ಪ್ರತಿ ಸೀಸನ್ನಿನಲ್ಲೂ ಶಶಿಯ ಕೈಲಿ ಚೀಲ ಹೋಗುತ್ತಿತ್ತು. ಈ ಸಲ ಬರೀ ಕಾಯಿ ಯಾಕೆ, ಹಿತಕಿಯೇ ಕಳಿಸೋಣ, ಆ ಯಮ್ಮನಿಗೆ ಕೆಲಸ ತಪ್ಪುತ್ತದೆ ಅಂದುಕೊಂಡೆ. ಅತ್ತೆಯಾಗುವವಳಲ್ಲವೇ!

"ಕಾಯಿನೇ ಕೊಡು ಸಾಕು," ಅಂದಳು ಅಜ್ಜಿ.

"ಯಾಕಜ್ಜಿ?"

"ಕೊಡು ಅಂದ್ರೆ ಕೊಡು. ಎಲ್ಲದಕ್ಕೂ ಯಾಕೆ ಅಂತೀಯ."

ನಾನು ಕೇಳಲಿಲ್ಲ. ಉಗುರು ಕಪ್ಪಾಗುವವರೆಗೆ ಹಿತಕಿ, ಸ್ಟೀಲ್ ಡಬ್ಬಿಗೆ ತುಂಬಿ ಕೊಟ್ಟೆ. ಶಶಿ ಡಬ್ಬಿಯನ್ನು ಒಂದು ಗಳಿಗೆ ನೋಡಿ, ಬೈಕಿಗೆ ಸಿಕ್ಕಿಸಿಕೊಂಡು ಹೋದ. ಮಾರನೇ ದಿನ ಕೇಳಿದ್ದಕ್ಕೆ "ಸಖತ್ತಾಗಿತ್ತು, ಅಮ್ಮ ಎರಡು ಸಲ ಹಾಕಿಸ್ಕೊಂಡ್ರು" ಅಂದ. ನಾನು ದಿನವಿಡೀ ಹಾಡು ಗುನುಗಿಕೊಂಡು ಓಡಾಡಿದೆ.

ಆ ಭಾನುವಾರ ಅಕ್ಕಯಮ್ಮನೇ ಚೀಲ ಹಿಡಿದು ಗೇಟಿಗೆ ಬಂದರು.

"ತಿಮ್ಮಕ್ಕಾ, ಕಾಯಿ ಐತಾ? ಅಂಗಡೀದು ಸೊಗಡೇ ಇಲ್ಲ."

"ಬನ್ನಿ ಅಮ್ಮಾವ್ರೇ," ಅಂತ ಅಜ್ಜಿ ಸೆರಗು ಸರಿಮಾಡಿಕೊಂಡು ಎದ್ದಳು. ಅವಳ ಆ ಅಮ್ಮಾವ್ರೇ ನನಗೆ ಯಾವತ್ತೂ ಆಗುವುದಿಲ್ಲ. ಆದರೂ ನಗುನಗುತ್ತಾ ಮುಂದೆ ಹೋದೆ.

"ಬೇಳೆ ಕಳಿಸಿದ್ನಲ್ಲ ಆಂಟಿ, ಸಾರು ಚೆನ್ನಾಗಿತ್ತಂತೆ?"

"ಅಯ್ಯೋ, ಅದಾ!" ಅವರಿಗೆ ಸ್ವಲ್ಪ ಮುಜುಗರವಾಯಿತು. "ಬೇಜಾರು ಮಾಡ್ಕೋಬೇಡ ಕಣಮ್ಮ. ಶಶಿ ಬಾಗಿಲಲ್ಲೇ ಹೇಳ್ದ, ಅಮ್ಮ ಇದು ಅವರ ಮನೇಲಿ ನೆನೆಸಿದ್ದು ಅಂತ. ಹಸೂಗೆ ಇಟ್ಟೆ. ಹಸಿ ಕಾಯಾದ್ರೆ ಯಾರ ಮನೇದಾದ್ರೂ ಆಗುತ್ತೆ, ಅದಕ್ಕೇನಿಲ್ಲ. ನಿಮ್ಮೋರ ಮನೇಲಿ ನೀರು ಮುಟ್ಟಿದ್ದು ನಮಗೆ ನಡೆಯಲ್ಲ ನೋಡು. ಹಿಂದಿನಿಂದ ಬಂದಿರೋದು, ನಾವೇನು ಮಾಡಿದ್ದಲ್ಲ."

ಬೈಯುವ ದನಿಯಲ್ಲಿ ಹೇಳಿದ್ದರೆ ನಾನೂ ಬೈದುಬಿಡುತ್ತಿದ್ದೆ. ಪ್ರೀತಿಯಿಂದಲೇ ಹೇಳಿದರು, ಸಾರಿಗೆ ಉಪ್ಪು ಎಷ್ಟು ಅಂತ ಹೇಳಿಕೊಡುವ ಹಾಗೆ. ಅವರಮ್ಮನ ಮಾತು ಬಿಡಿ. ನನ್ನ ಎದೆಗೆ ಚುಚ್ಚಿದ್ದು ಬಾಗಿಲಲ್ಲೇ ನಿಂತು ಹೇಳಿದವನ ಮಾತು.

"ಕಾಯಿ ಮುಗೀತು ಆಂಟಿ," ಅಂದೆ. ತಲೆಯ ಮೇಲೆ ಗೊಂಚಲು ಗೊಂಚಲು ನೇತಾಡುತ್ತಿತ್ತು. ಅವರು ಒಮ್ಮೆ ಚಪ್ಪರ ನೋಡಿದರು, ಒಮ್ಮೆ ನನ್ನನ್ನು ನೋಡಿದರು, ಖಾಲಿ ಚೀಲ ಮಡಚಿಕೊಂಡು ಹೋದರು.

"ನಿಂಗೆ ಗೊತ್ತಿತ್ತಾ?" ಅಂತ ಅಜ್ಜಿಯನ್ನು ಕೇಳಿದೆ.

"ನೀನು ಹುಟ್ಟೋಕೆ ಮುಂಚಿಂದ ಗೊತ್ತು. ನಿನ್ನ ಕಾಲಕ್ಕೆ ಹೋಗಿರುತ್ತೇನೋ ಅಂದ್ಕೊಂಡಿದ್ದೆ ಕಣ್ ಮಗಾ, ಅದಕ್ಕೇ ಬಾಯ್ಬಿಡ್ಲಿಲ್ಲ."

ಅವತ್ತು ಸಂಜೆಗೆ ಶಶಿಯನ್ನು ಕರೆದೆ. ಧನಿಯ, ಚಕ್ಕೆ, ಲವಂಗ, ಗಸಗಸೆ ಹುರಿದು, ಕಾಯಿತುರಿ ಹಾಕಿ ರುಬ್ಬಿ, ಹಿತಕಿದ ಬೇಳೆ ಸಾರು ಮಾಡಿ ಮುದ್ದೆ ಕಟ್ಟಿಟ್ಟೆ. ಅವನು ಎಂದಿನಂತೆ ಜಗಲಿಯ ಮೇಲೆ ಕೂತ.

"ಹಸು ಎರಡು ಸಲ ಹಾಕಿಸ್ಕೊಂಡ್ತಾ?"

ಅವನ ಮುಖ ಬಿಳಿಚಿತು. "ಶಾಂತು... ಅಮ್ಮಂಗೆ ಸುಳ್ಳು ಹೇಳೋಕೆ ಮನಸ್ಸು ಬರ್ಲಿಲ್ಲ ಕಣೆ."

"ನಂಗೆ ಹೇಳೋಕೆ ಬಂತಲ್ಲ!"

"ಸಂಕ್ರಾಂತಿಗೆ ಎಲ್ಲಾ ಹೇಳ್ತೀನಿ."

"ಏನಂತ ಹೇಳ್ತೀಯ? ಹುಡುಗಿ ಹಸಿಯಾಗೇ ಇದಾಳೆ, ಇನ್ನೂ ನೀರು ಮುಟ್ಟಿಲ್ಲ ಅಂತಾನಾ?"

ಅವನ ಕಣ್ಣು ತುಂಬಿತು. ಚಪ್ಪಲಿ ಬಿಟ್ಟು ಎದ್ದ. "ಬಡಿಸು. ನಾನು ಊಟ ಮಾಡ್ತೀನಿ. ದೇವರಾಣೆಗೂ ನನ್ನ ಮನಸಲ್ಲಿ ಅದೆಲ್ಲ ಏನೂ ಇಲ್ಲ."

ಹೊಸ್ತಿಲು ದಾಟಿದ. ಗೋಡೆಯ ಬುದ್ಧನ ಫೋಟೋ ಕೆಳಗೆ ಚಕ್ಕಳಮಕ್ಕಳ ಹಾಕಿ ಕೂತ. ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ, ದೊಡ್ಡ ಮುದ್ದೆಯನ್ನೇ ಆರಿಸಿ ಇಟ್ಟೆ. ಇವನೊಬ್ಬ ಇಲ್ಲಿ ಕೂತು ಉಂಡರೆ ಸಾಕು, ಅವರಮ್ಮ ಒಪ್ಪುವುದಕ್ಕೆ ಎಷ್ಟು ವರ್ಷವಾದರೂ ಕಾಯುತ್ತೇನೆ ಅಂದುಕೊಂಡೆ. ಅಷ್ಟು ಪ್ರೀತಿ ಇತ್ತು ನನಗೆ. ಅಡುಗೆಮನೆಯ ಬಾಗಿಲಿಗೆ ಅಜ್ಜಿ ಬಂದು ನಿಂತಳು. ಸಾರು ಹಾಕಿದೆ. ಅವನು ಮುದ್ದೆಗೆ ಬೆರಳಿಟ್ಟವನು ಅಲ್ಲಿಗೇ ನಿಲ್ಲಿಸಿದ. ಬೀದಿಯಲ್ಲಿ ಯಾರೋ ಮಾತಾಡುತ್ತಾ ಹೋಗುತ್ತಿದ್ದರು. ಅವನು ಕತ್ತು ತಿರುಗಿಸಿ ನೋಡಿದ.

"ಶಾಂತು, ಬಾಗಿಲು ಹಾಕ್ಲಾ? ನಮ್ಮ ಚಲುವರಾಜು ಮಾವ ವಾಕಿಂಗ್ ಬರೋ ಟೈಮು."

"ಹಾಕು," ಅಂದೆ. "ಹೊರಗಡೆಯಿಂದ ಹಾಕು."

"ಹಾಗಲ್ಲ ಕಣೆ..."

"ಹೊರಗಡೆಯಿಂದ ಹಾಕ್ಕೊಂಡು ಹೋಗು ಶಶಿ."

ಅವನು ಬೆರಳು ಒರೆಸಿಕೊಂಡು ಎದ್ದ. ಬಾಗಿಲನ್ನು ಮೆಲ್ಲಗೆ ಎಳೆದುಕೊಂಡೇ ಹೋದ. ಬೈಕ್ ಶಬ್ದ ಬೀದಿ ದಾಟುವವರೆಗೆ ಕಾದು, ಎದ್ದು, ಎರಡೂ ಬಾಗಿಲು ಗೋಡೆಗೆ ತಾಗುವಷ್ಟು ತೆರೆದೆ. ಅವನಿಗೆ ಬಡಿಸಿದ್ದ ತಟ್ಟೆಯನ್ನು ಹೊಸ್ತಿಲ ಹತ್ತಿರ ಎಳೆದುಕೊಂಡು, ಹೋಗುವವರು ಬರುವವರಿಗೆಲ್ಲ ಕಾಣುವ ಹಾಗೆ ಕೂತು, ಅಳುತ್ತಲೇ ಉಂಡೆ.