ಗುಂಡನ ಬೆನ್ನ ಮೇಲಿನ ವಿಭೂತಿ

ಗುಂಡನ ಬೆನ್ನಿಗೆ ವಿಭೂತಿ ಉದುರಿಸುವಾಗ ಶೈಲಜಾಗೆ ನಾಚಿಕೆ ಕೂಡ ಆಗಲಿಲ್ಲ. ನಾಚಿಕೊಳ್ಳುವುದಕ್ಕೂ ಮೈಯಲ್ಲಿ ಒಂದಿಷ್ಟು ತ್ರಾಣ ಬೇಕಲ್ಲ.

ಗುಂಡ ಅವಳು ಸಾಕಿದ ಗಿನಿ ಪಿಗ್, ಮೊಲದ ಮರಿಯಷ್ಟಿದ್ದ. ಮೈಗೆ ನುಸಿ ಹತ್ತಿ, ಕೆರೆದು ಕೆರೆದು ಬೆನ್ನ ಕೂದಲೆಲ್ಲ ಉದುರಿ, ಬಿಳಿ ಹೊಟ್ಟು ಏಳುತ್ತಿತ್ತು. ಮಾರತ್ತಹಳ್ಳಿಯ ಡಾಕ್ಟರ್ ಮಲ್ಲಿಕ್ ಎರಡು ವಾರಕ್ಕೊಮ್ಮೆ ಇಂಜೆಕ್ಷನ್ ಕೊಟ್ಟು, ಗೂಡನ್ನು ಬಿಸಿನೀರಿನಲ್ಲಿ ತೊಳೆಸಿ, ಹಾಸಿದ ಹುಲ್ಲನ್ನೆಲ್ಲ ಎಸೆಸಿ ಗುಣ ಮಾಡಿದ್ದ. ಇವತ್ತು ಕೊನೆಯ ತಪಾಸಣೆ. ಆಮೇಲೆ ಅವನನ್ನು ನೋಡಲು ಯಾವ ನೆಪವಿದೆ?

ವೈಟ್‌ಫೀಲ್ಡಿನ ಆಫೀಸು, ಮುಗಿಯದ ಮೀಟಿಂಗು, ಕದಲದ ಕ್ಯಾಬು. ಇವೆಲ್ಲದರ ನಡುವೆ "ಯಾಕ್ರೀ ಇಷ್ಟು ಸೊರಗಿದ್ದೀರ?" ಎಂದು ಕೇಳಿದವನು ಅವನೊಬ್ಬನೇ. ಮೊದಲ ಸಲ ಗುಂಡನನ್ನು ಕೇಳುತ್ತಿದ್ದಾನೆ ಎಂದುಕೊಂಡಿದ್ದಳು. ಹೊಟ್ಟು ಇನ್ನೂ ಹೋಗಿಲ್ಲ, ಮುಂದಿನ ವಾರ ಬನ್ನಿ ಅಂದರೆ ಸಾಕಿತ್ತು ಅವಳಿಗೆ.

ಕ್ಲಿನಿಕ್ಕಿನಲ್ಲಿ ಮಲ್ಲಿಕ್‌ನ ಹಣೆಯ ವಿಭೂತಿ ಬೆವರಿಗೆ ಅರ್ಧ ಅಳಿಸಿತ್ತು, ಕಣ್ಣು ಕೆಂಪಾಗಿತ್ತು. ಬೆಳಿಗ್ಗೆಯಿಂದ ಕೂತೇ ಇಲ್ಲವೇನೋ. ಆದರೂ ಅವಳನ್ನು ಕಂಡು ಮುಖ ಅರಳಿತು.

"ಏನಪ್ಪಾ ಗುಂಡಣ್ಣ, ಮೇಡಂನ ನಿದ್ದೆ ಮಾಡೋಕೆ ಬಿಡ್ತೀಯೋ ಇಲ್ವೋ?"

"ಅವನು ಬಿಡ್ತಾನೆ. ಆಫೀಸು ಬಿಡಲ್ಲ."

ನಗುತ್ತಲೇ ಅವಳನ್ನು ಬೇಕಾದ್ದಕ್ಕಿಂತ ಒಂದು ಗಳಿಗೆ ಹೆಚ್ಚು ನೋಡಿದ. ಅವಳೂ ಕಣ್ಣು ಕೀಳಲಿಲ್ಲ. ಆಮೇಲೆ ಗುಂಡನ ಬೆನ್ನು ಕಂಡು ಅವನ ನಗು ನಿಂತಿತು.

"ಮತ್ತೆ ಹೊಟ್ಟು ಎದ್ದಿದೆಯಲ್ರೀ. ಇನ್ನೊಂದು ಇಂಜೆಕ್ಷನ್ ಕೊಟ್ಬಿಡ್ತೀನಿ."

ಪ್ರತಿ ಸಲ ಚರ್ಮಕ್ಕೆ ಟೇಪ್ ಅಂಟಿಸಿ ತೆಗೆದು ಮೈಕ್ರೋಸ್ಕೋಪಿನಲ್ಲಿ ನುಸಿ ಹುಡುಕುತ್ತಿದ್ದವನು ಇವತ್ತು ಆ ಕಡೆ ತಿರುಗಲೂ ಇಲ್ಲ. ಸಿರಿಂಜಿಗೆ ಔಷಧಿ ಏರತೊಡಗಿತು. ಶೈಲಜಾ ಗುಂಡನನ್ನು ತನ್ನತ್ತ ಎಳೆದುಕೊಂಡಳು. ಹೇಳಿದರೆ ಮಾನ ಹೋಗುತ್ತದೆ, ಇವನೂ ಕೈಬಿಟ್ಟು ಹೋಗುತ್ತಾನೆ. ಹೇಳದಿದ್ದರೆ ಏನೂ ಅರಿಯದ ಜೀವಕ್ಕೆ ಬೇಡದ ಸೂಜಿ.

"ಬೇಡ ಡಾಕ್ಟ್ರೇ!" ಎಂದು ಅವನ ಕೈ ಹಿಡಿದೇಬಿಟ್ಟಳು. "ಅದು ಹೊಟ್ಟಲ್ಲ, ವಿಭೂತಿ. ನಾನೇ ಹಾಕಿದ್ದು."

"ಯಾಕೆ, ಹರಕೆನಾ?"

"ಅಲ್ಲ. ಇನ್ನೊಂದ್ಸಲ ಬನ್ನಿ ಅಂತೀರೇನೋ ಅಂತ."

ಅವನು ಬೆರಳಿನಿಂದ ಉಜ್ಜಿ ನೋಡಿದ. ದಿನಾ ಹಣೆಗೆ ಹಚ್ಚಿಕೊಳ್ಳುವವನಿಗೆ ಗುರುತು ಸಿಗದೆ ಇರುತ್ತದೆಯೇ? ಮುಖ ಬಿಗಿಯಿತು.

"ಎಂಥಾ ಕೆಲ್ಸ ಮಾಡಿದ್ರಿ! ಇಷ್ಟು ಪುಟ್ಟ ಪ್ರಾಣಿ, ಔಷಧಿ ಹೆಚ್ಚಾದ್ರೆ ತಡ್ಕೊಳುತ್ತಾ?"

"ತಪ್ಪಾಯ್ತು." ಗುಂಡನನ್ನು ಎದೆಗೆ ಒತ್ತಿಕೊಂಡಳು. ಕಣ್ಣು ತುಂಬಿ ಬಂತು.

ಮಲ್ಲಿಕ್ ಸಿರಿಂಜನ್ನು ಪಕ್ಕಕ್ಕಿಟ್ಟು ಸ್ಟೂಲಿನ ಮೇಲೆ ಕುಸಿದು ಕೂತ.

"ನಿಮ್ದೊಬ್ರದೇ ತಪ್ಪಲ್ಲ ಕಣ್ರೀ," ಎಂದ. "ಹೊಟ್ಟು ಕಂಡಾಗ ನಂಗೆ ಖುಷಿಯಾಯ್ತು. ಮತ್ತೆ ಬರ್ತೀರಲ್ಲ ಅಂತ. ಟೇಪ್ ಹಾಕಿದ್ರೆ ಏನೂ ಇಲ್ಲ ಅಂತ ಗೊತ್ತಾಗ್ಬಿಡುತ್ತೇನೋ ಅಂತ ನೋಡ್ಲೇ ಇಲ್ಲ. ಡಾಕ್ಟರ್ ಅನ್ನಿಸ್ಕೊಂಡೋನು ನಾನು."

ಶೈಲಜಾ ಅವನನ್ನೇ ನೋಡಿದಳು. ಇಷ್ಟು ದಣಿದ ಮುಖ ಇಷ್ಟು ಚೆಂದ ಕಾಣುವುದೂ ಉಂಟೇ ಅನ್ನಿಸಿತು. ಅವನು ಎದ್ದು ಗುಂಡನ ಬೆನ್ನಿಗೆ ಟೇಪ್ ಅಂಟಿಸಿ, ಪರೀಕ್ಷಿಸಿ ಬಂದು ಮತ್ತೆ ಕೂತ.

"ಗುಂಡ ಹುಷಾರಾಗಿದ್ದಾನೆ. ಇನ್ನು ಅವನನ್ನ ಕರ್ಕೊಂಡು ಬರ್ಬೇಡಿ," ಎಂದ.

ಅವಳು ತಲೆಯಾಡಿಸಿದಳು.

"ನೀವು ಬನ್ನಿ."

ಶೈಲಜಾ ಗುಂಡನನ್ನು ಒಂದೇ ಕೈಯಲ್ಲಿ ಹಿಡಿದುಕೊಂಡಳು. ಇನ್ನೊಂದು ಸ್ಟೂಲನ್ನು ಎಳೆದುಕೊಂಡು ಅವನ ಪಕ್ಕದಲ್ಲಿ ಕೂತು, ಅವನ ಭುಜಕ್ಕೆ ಮೆಲ್ಲನೆ ತಲೆಯಾನಿಸಿ ಕಣ್ಣು ಮುಚ್ಚಿದಳು. ಅವನು ಅಲುಗಾಡಲಿಲ್ಲ.